ಮೂರನೇ ಭಾಗ

"ನೋಡಿಬಿಟ್ಟೆ!" ಎನ್ನುತ್ತಲೇ, ಎಲ್ಲರೂ 'ಫಸ್ಟ್ ಶೋ' ಎಂದು ಕರೆಯುವ ಅವನು ಪ್ರೆಸ್ಸಿನ ಬೈಂಡಿಂಗ್ ಕೋಣೆಯೊಳಗೆ ಕಾಲಿಟ್ಟ. "ಬೆಳಿಗ್ಗೆ ಎಂಟರ ಆಟ, ನಡುಮಧ್ಯದ ಸೀಟು. ಮೂರನೇ ಭಾಗ ಅಂದ್ರೆ ಇದು ಕಣ್ರೀ!"

ರಟ್ಟು ಕತ್ತರಿಸುತ್ತಿದ್ದ ಕಟಿಂಗಣ್ಣನ ಕೈ ಮೆಷಿನ್ನಿನ ಮೇಲೆ ಹಾಗೇ ನಿಂತಿತು. ಪುಸ್ತಕ ಹೊಲಿಯುತ್ತಿದ್ದ ಅಕ್ಕ ತಲೆಯೆತ್ತಿ ಅವನ ಮುಖ ನೋಡಿದಳು. ಆ ಸಿನಿಮಾದ ಮೂರನೇ ಭಾಗ ಬಿಡುಗಡೆಯೇ ಆಗಿರಲಿಲ್ಲ. ಯಾವುದೋ ತಕರಾರು ಕೋರ್ಟಿಗೆ ಹೋಗಿದೆ, ಸಿನಿಮಾ ಮತ್ತೆ ಮುಂದಕ್ಕೆ ಎಂದು ಬೆಳಿಗ್ಗೆ ಏಳಕ್ಕೇ ಎಲ್ಲರ ಮೊಬೈಲಿಗೂ ಸುದ್ದಿ ಬಂದಿತ್ತು. ನಾಲ್ಕು ವರ್ಷದಲ್ಲಿ ಇದು ಐದನೇ ಸಲ. ಹದಿನೈದು ವರ್ಷದಿಂದ ಒಂದೂ ಮೊದಲ ಆಟ ತಪ್ಪಿಸದೆ ಆ ಹೆಸರು ಸಂಪಾದಿಸಿದವನಿಗೇ ಸುದ್ದಿ ಮುಟ್ಟಿಲ್ಲವೆಂದರೆ!

ಕಟಿಂಗಣ್ಣನಿಗೆ ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದಂತಾಯಿತು. ಪ್ರತಿ ಸಿನಿಮಾವನ್ನೂ ತನಗಿಂತ ಮೊದಲು ನೋಡಿ ಬಂದು ಹೊಟ್ಟೆ ಉರಿಸುವವನು ಈಗ ತಾನಾಗಿಯೇ ಬಲೆಗೆ ಬಿದ್ದಿದ್ದ. ಸುಮ್ಮನಿರು ಎಂದು ಅಕ್ಕನಿಗೆ ಕಣ್ಣು ಮಿಟುಕಿಸಿದ.

"ಕೂತ್ಕೋ ಮಹಾರಾಯ, ಕೂತ್ಕೋ. ಮೊದಲಿಂದ ಹೇಳು. ಒಂದು ಸೀನೂ ಬಿಡಬಾರದು."

ಫಸ್ಟ್ ಶೋ ತನ್ನ ಜಾಗದಲ್ಲಿ ಕುಳಿತು, ಅಚ್ಚಾಗಿ ಬಂದ ಹಾಳೆಗಳನ್ನು ಮುಂದಕ್ಕೆಳೆದುಕೊಂಡ. ಕೈ ತನ್ನ ಪಾಡಿಗೆ ಮಡಿಸತೊಡಗಿತು, ಬಾಯಿ ತನ್ನ ಪಾಡಿಗೆ ಹೇಳತೊಡಗಿತು. "ಎರಡನೇ ಭಾಗದ ಕೊನೆಗೆ ಹಡಗು ಮುಳುಗಿತ್ತಲ್ಲ? ಹೀರೋ ಸತ್ತ ಅಂತ ಅಂದ್ಕೊಂಡಿದ್ವಲ್ಲ? ಸತ್ತಿಲ್ಲ. ಈಜಿಕೊಂಡು ದಡಕ್ಕೆ ಬಂದ."

"ಬರದೆ ಏನು! ಸತ್ರೆ ನಾಲ್ಕನೇ ಭಾಗ ಹೇಗೆ ತೆಗೀತಾರೆ?" ಎಂದ ಕಟಿಂಗಣ್ಣ.

"ಮಜಾ ಇರೋದೇ ಅಲ್ಲಿ. ಅವನು ಬರೋ ಹೊತ್ತಿಗೆ ಅವನ ಹೆಂಡ್ತಿ ಅವನನ್ನ ಹುಡುಕಿಕೊಂಡು ದೋಣೀಲಿ ಹೊರಟುಹೋಗಿದ್ದಾಳೆ. ಒಬ್ಬಳೇ. ಗಾಳಿ ಅಂದ್ರೆ ಗಾಳಿ. ಹುಟ್ಟು ಕೈ ಜಾರುತ್ತೆ. ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಹುಟ್ಟಿಗೆ ಕೈ ಕಟ್ಟಿಕೊಳ್ತಾಳೆ. ಭಯ ಆಗುತ್ತೆ. ಆದ್ರೆ ಅಲೆಗೆ ಬೈತಾಳೆ, 'ಮನೆ ಒರೆಸಿ ಬಂದಿದ್ದೀನಿ, ಮತ್ತೆ ನೀರು ಚೆಲ್ಲಬೇಡ' ಅಂತ. ಇಡೀ ಥಿಯೇಟರ್ ನಗು!"

ಅಕ್ಕನೂ ನಕ್ಕಳು. ಸಿನಿಮಾ ಬಂದೇ ಇಲ್ಲವೆನ್ನುವುದು ಅವಳಿಗೆ ಅರ್ಧ ಮರೆತೇ ಹೋಗಿತ್ತು.

"ಫೈಟು?" ಕಟಿಂಗಣ್ಣ ಬಿಡಲಿಲ್ಲ.

"ಇದೆ. ಅಲೆ ಜೊತೆ."

"ಹೀರೋ?"

"ದಡದಲ್ಲಿ ಕೂತಿದ್ದಾನೆ."

"ಕೂತಿದ್ದಾನಾ? ಎರಡನೇ ಭಾಗದಲ್ಲಿ ಇನ್ನೂರು ಜನರನ್ನ ಒಂದೇ ಕೈಲಿ ಚಚ್ಚಿದವನು, ಹೆಂಡ್ತಿ ನಡುನೀರಲ್ಲಿದ್ರೆ ಸುಮ್ನೆ ಕೂತಿರ್ತಾನಾ?"

"ಇನ್ನೇನು ಮಾಡ್ಬೇಕಿತ್ತು?" ಫಸ್ಟ್ ಶೋ ದನಿ ತಟ್ಟನೆ ಏರಿತು. "ಇದ್ದಿದ್ದು ಒಂದೇ ದೋಣಿ. ಅದರಲ್ಲಿ ಒಬ್ಬರೇ ಹೋಗ್ಬೇಕು. ಕೈಲಾಗಲ್ಲ ಕಣಣ್ಣ, ಕೆಲವು ಸಲ ಕೂತಿರೋದು ಬಿಟ್ಟು ಏನೂ ಕೈಲಾಗಲ್ಲ."

ಮಡಿಸುತ್ತಿದ್ದ ಕೈ ನಿಂತಿತ್ತು. ಅಕ್ಕ ಮೆಲ್ಲಗೆ ಕೇಳಿದಳು, "ಆಮೇಲೆ?"

ಇದೇ ಹೊತ್ತು ಎಂದುಕೊಂಡ ಕಟಿಂಗಣ್ಣ ಮೊಬೈಲ್ ತೆಗೆದು ಫಸ್ಟ್ ಶೋ ಮೂಗಿನ ಮುಂದೆ ಹಿಡಿದ. "ಆಮೇಲೆ ಏನೂ ಇಲ್ಲಕ್ಕ. ನೋಡಪ್ಪ, ಸಿನಿಮಾ ಬಿಡುಗಡೇನೇ ಆಗಿಲ್ಲ! ಯಾವ ಥಿಯೇಟರ್‌ನಲ್ಲಿ ತೋರಿಸಿದ್ರು ನಿಂಗೆ?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ಒಬ್ಬನೇ ನಕ್ಕ.

ಫಸ್ಟ್ ಶೋ ಆ ಸುದ್ದಿಯನ್ನು ಎರಡು ಸಲ ಓದಿದ. ಜೇಬಿನಿಂದ ತನ್ನ ಮೊಬೈಲ್ ತೆಗೆದ. ಅದು ಇನ್ನೂ ಆಫ್ ಆಗಿಯೇ ಇತ್ತು.

"ಆಸ್ಪತ್ರೆಗೆ ಹೋಗಿದ್ದೆ," ಎಂದ. "ಮನೆಯವಳಿಗೆ ಎದೆಯಲ್ಲೊಂದು ಗಂಟು. ಆರು ಗಂಟೆಗೇ ಬನ್ನಿ ಅಂದ್ರು, ಮೊಬೈಲ್ ಆಫ್ ಮಾಡಿ ಅಂದ್ರು, ಒಂಬತ್ತರವರೆಗೂ ಬೆಂಚಿನ ಮೇಲೆ ಕೂರಿಸಿದ್ರು. ಇಬ್ಬರಿಗೂ ಟಿಕೆಟ್ ತಗೊಂಡಿದ್ದೆ ಇವತ್ತಿಗೆ. 'ನನ್ನಿಂದ ನಿಮ್ಮ ಫಸ್ಟ್ ಶೋ ತಪ್ಪಿತಲ್ಲ' ಅಂತ ಅವಳು ಅಳೋಕೆ ಶುರು ಮಾಡಿದಳು. ತಪ್ಪೋದು ಯಾಕೆ, ಇಲ್ಲೇ ತೋರಿಸ್ತೀನಿ ಅಂತ ಬಾಯಿಗೆ ಬಂದದ್ದು ಹೇಳ್ತಾ ಹೋದೆ. ಆ ಮನೆ ಒರೆಸೋ ಮಾತು ಇದೆಯಲ್ಲ, ಅದು ಅವಳೇ ಸೇರಿಸಿದ್ದು." ಮೊಬೈಲ್ ಪಕ್ಕಕ್ಕಿಟ್ಟು ಮತ್ತೆ ಹಾಳೆ ಹಿಡಿದು ಹೇಳಿದ, "ಇಲ್ಲಿ ನಿಜ ಹೇಳಿದ್ರೆ ನೀವಿಬ್ಬರೂ ಸಪ್ಪೆ ಮುಖ ಮಾಡಿ ಕೂರ್ತಿದ್ರಿ. ಅದನ್ನ ನೋಡೋಕೆ ಆಗ್ತಿರಲಿಲ್ಲ."

"ರಿಪೋರ್ಟು?" ಅಕ್ಕ ಕೇಳಿದಳು.

"ಸೋಮವಾರ."

"ಆ ಕಥೆ ಕೊನೆಗೆ ಏನಾಯ್ತು?"

"ಅವಳೂ ಅದನ್ನೇ ಕೇಳಿದಳು. ಅಷ್ಟರಲ್ಲಿ ಒಳಗೆ ಕರೆದ್ರು. ಕೊನೆ ಇನ್ನೂ ನಂಗೇ ಗೊತ್ತಿಲ್ಲಕ್ಕ."

ಕಟಿಂಗಣ್ಣ ಮೊಬೈಲನ್ನು ಜೇಬಿಗಿಳಿಸಿದ. ಏನು ಮಾಡಬೇಕೆಂದು ತಿಳಿಯದೆ ಅಂಗಿಗೆ ಕೈ ಒರೆಸಿಕೊಂಡ. ಆಮೇಲೆ ಒಂದು ಸ್ಟೂಲ್ ಎಳೆದುಕೊಂಡು ಅವನ ಎದುರಿಗೆ ಬಂದು ಕುಳಿತ; ಅರ್ಧ ಮಡಿಸಿದ್ದ ಹಾಳೆಯನ್ನು ಅವನ ಕೈಯಿಂದ ಬಿಡಿಸಿಕೊಂಡು ತಾನೇ ಮಡಿಸತೊಡಗಿದ.

"ಸರಿ, ಹೇಳು," ಎಂದ, ತಲೆಯೆತ್ತದೆ. "ಹೀರೋ ದಡದಲ್ಲೇ ಕೂತಿರಲಿ, ನಂದೇನೂ ತಕರಾರಿಲ್ಲ. ಅವಳನ್ನ ಮಾತ್ರ ವಾಪಸ್ ಕರ್ಕೊಂಡು ಬಾ."