ದಿನಕ್ಕೆ ಎಷ್ಟು ಗಂಟೆ ಬಿಡುವು?

ದಿನಕ್ಕೆ ಎಷ್ಟು ಗಂಟೆ ಬಿಡುವು ಸಿಗುತ್ತದೆ ಎಂದು ಗೃಹಿಣಿಯರನ್ನು ಕೇಳಿದ ಸಮೀಕ್ಷೆ ಅದು. ಉತ್ತರ ಹೇಳದವರ ಮುಂದೆ ೯೯ ಎಂದು ತುಂಬುವುದು ವಿಶ್ವವಿದ್ಯಾಲಯದ ಆ ವಿಭಾಗದ ವಾಡಿಕೆ. ಹಳೆಯ ಸಾಫ್ಟ್‌ವೇರ್ ಅದನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಸಂಶೋಧನಾ ಸಹಾಯಕಿ ಪುಷ್ಪಲತಾ ಫೈಲನ್ನು ಹೊಸ ಸಾಫ್ಟ್‌ವೇರಿಗೆ ವರ್ಗಾಯಿಸಿದಾಗ, ಅದು ತೊಂಬತ್ತೊಂಬತ್ತು ಗಂಟೆ ಎಂದೇ ಓದಿಕೊಂಡಿತು. ಅವಳಿಗೆ ಇದು ಹೊಳೆದದ್ದು ವರದಿ ಪ್ರೊಫೆಸರರ ಕೈಸೇರಿದ ಮೇಲೆ. ಕೆಲಸ ಹೋಯಿತೆಂದುಕೊಂಡೇ ಅವರ ಕೋಣೆಗೆ ಓಡಿದಳು.

ಪ್ರೊಫೆಸರರು ಹೆಂಡತಿ ಕಟ್ಟಿಕೊಟ್ಟಿದ್ದ ನಾಲ್ಕಂತಸ್ತಿನ ಕ್ಯಾರಿಯರ್ ಬಿಚ್ಚುತ್ತಿದ್ದರು.

“ಸರ್, ಆ ಸರಾಸರಿ...”

“ನೋಡ್ದೆ ಕಣಮ್ಮ. ದಿನಕ್ಕೆ ಮೂವತ್ತೊಂದು ಗಂಟೆ ಬಿಡುವು.”

“ಅದು ಸರ್, ಫೈಲ್ ವರ್ಗಾಯಿಸೋವಾಗ...”

ಅವರು ಪಲ್ಯದ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

“ಸರಿಯಾಗೇ ಇದೆ ಬಿಡು. ನಮ್ಮನೇಲೂ ಅಷ್ಟೇ.”