ಲೈಟು ಹಿಡಿದವನ ಫೋಟೋ

"ಒಂದೇ ಫೋಲ್ಡರ್ ಹೇಳ್ರಿ ಅಣ್ಣಾ. ಯಾವುದು ಮೊದಲ ತೆಗೀಲಿ?"

ಜಗತ್ ಸರ್ಕಲ್ಲಿನ ಹಿಂದಿನ ಗಲ್ಲಿಯ ಸಣ್ಣ ಅಂಗಡಿಯಲ್ಲಿ ಮದಿಹಾ ಲ್ಯಾಪ್‌ಟಾಪ್ ಬಿಚ್ಚಿ, ಹಾರ್ಡ್ ಡಿಸ್ಕನ್ನು ಹೊರಗೆ ತೆಗೆದು, ತನ್ನ ಕಂಪ್ಯೂಟರಿಗೆ ಜೋಡಿಸಿದ್ದಳು. ಡಿಸ್ಕು ಒಳಗಿಂದ ಟಕ್ ಟಕ್ ಎನ್ನುತ್ತಿತ್ತು. "ಇದು ಹೋಗೂ ಜೀವ ಅದ. ಒಂದು ಬಂದ ಮ್ಯಾಲೆ ಎರಡನೇದಕ್ಕ ಉಳೀತದ ಅಂತ ನಾ ಹೇಳಂಗಿಲ್ಲ."

ಕಮಲಾಪುರದಲ್ಲಿ ಫೋಟೋ ಸ್ಟುಡಿಯೋ ಇಟ್ಟ ಅಣವೀರಪ್ಪನ ದುಡಿಮೆಯೆಲ್ಲ ಆ ಡಿಸ್ಕಿನಲ್ಲೇ ಇತ್ತು. ಆಲ್ಬಮ್ ಆಗಬೇಕಿದ್ದ ಎರಡು ಮದುವೆ, ಮಗಳು ಪ್ರೀತಿಯನ್ನು ತೊಟ್ಟಿಲಿಗೆ ಹಾಕಿದ ದಿನದ ಫೋಟೋಗಳು, ಇನ್ನೂ ಏನೇನೋ. ಅವನು ಪಕ್ಕದ ಸ್ಟೂಲಿನ ಮೇಲೆ ತಲೆತುಂಬ ಸೆರಗು ಹೊದ್ದು ಕೂತಿದ್ದ ಬಂಡೆಮ್ಮನ ಕಡೆ ನೋಡಿದ. ಆಕೆ ಪರದೆಯ ಮೇಲಿಂದ ಕಣ್ಣು ತೆಗೆದಿರಲಿಲ್ಲ.

"ಕೋಟನೂರ ಮದುವಿ ಅಂತ ಅದ ನೋಡು ತಂಗಿ. ಅದನ್ನ ತೆಗಿ. ಉಳಿದದ್ದು ಹೋದ್ರ ಹೋಗ್ಲಿ," ಎಂದ. ಹಾಗೆಂದ ಮೇಲೆ, ತಾನು ಅಷ್ಟೇನೂ ಕೆಟ್ಟ ಮನುಷ್ಯನಲ್ಲ ಎಂದು ಅವನಿಗೇ ಅನ್ನಿಸಿತು.

ಬಂಡೆಮ್ಮನ ಗಂಡ ದೇವಿಂದ್ರಪ್ಪ ಹನ್ನೊಂದು ವರ್ಷ ಅಣವೀರಪ್ಪನ ಕ್ಯಾಮೆರಾದ ಹಿಂದೆ ಲೈಟು ಹಿಡಿದವನು. ಕಾಮಾಲೆ ಬಂದು ಎಂಟೇ ದಿನದಲ್ಲಿ ಹೋಗಿಬಿಟ್ಟ. ಮಣ್ಣಾಗಿ ಆರು ದಿನ. ಹೂವಿನ ಹಾರ ಹಾಕಿ ಎದುರಿಗಿಡಲು ಒಂದು ಫೋಟೋ ಬೇಕೆಂದರೆ ಮನೆಯಲ್ಲಿ ಇಲ್ಲ. ದೀಪದ ಬುಡಕ್ಕೆ ಕತ್ತಲು ಅನ್ನುವುದು ಸುಳ್ಳಲ್ಲ. ಸುತ್ತ ಹಳ್ಳಿಯ ಮದುಮಕ್ಕಳ ಮುಖವನ್ನೆಲ್ಲ ಬೆಳಗಿದವನದು ಆಧಾರ್ ಕಾರ್ಡಿನ ಒಂದೇ ಮುಖ, ಅದನ್ನು ದೊಡ್ಡದು ಮಾಡಿಸಿದರೆ ಮಸಿ ಬಳಿದಂತೆ ಬಂತು. ಆಗ ಅಣವೀರಪ್ಪನಿಗೆ ಕೋಟನೂರಿನ ಮದುವೆ ನೆನಪಾಗಿತ್ತು. ಅಲ್ಲಿ ಮದುಮಗ ತಾನೇ ದೇವಿಂದ್ರಪ್ಪನನ್ನು ಎಳೆದು ಪಕ್ಕ ನಿಲ್ಲಿಸಿಕೊಂಡು, ಅವನ ಕೈಯನ್ನು ತನ್ನ ಹೆಗಲ ಮೇಲೆ ಹಾಕಿಸಿಕೊಂಡಿದ್ದ. "ಅದಾನ ಯವ್ವಾ, ನನ್ನ ಹತ್ರ ಅದಾನ," ಎಂದು ಬಂಡೆಮ್ಮನಿಗೆ ಮಾತು ಕೊಟ್ಟು ಮನೆಗೆ ಬಂದರೆ, ಲ್ಯಾಪ್‌ಟಾಪ್ ಏಳಲೇ ಇಲ್ಲ.

"ನಗಲಾಕತ್ತಾರೇನ್ರಿ ಅದ್ರಾಗ?" ಬಂಡೆಮ್ಮ ಕೇಳಿದಳು.

"ಹ್ಞೂಂ ಮತ್ತ. ನೀಲಿ ಅಂಗಿ ಹಾಕ್ಕೊಂಡಿದ್ದ."

"ತ್ರಿವೇಣಿ ಕೊಡಿಸಿದ್ದು ಅದು. ಮಗಳು ಕೊಡಿಸ್ಯಾಳಂತ ಊರೆಲ್ಲ ಹೇಳಿದ್ರು."

ಎರಡು ತಾಸು ಹಿಡಿಯಿತು. ನಡುವೆ ಎರಡು ಸಲ ಡಿಸ್ಕು ಸುಮ್ಮನಾಗಿ, ಮತ್ತೆ ಟಕ್ ಎಂದಿತು. ಕಡೆಗೆ ಮದಿಹಾ, "ಬಂತ್ರಿ! ಕೋಟನೂರಿಂದು ಪೂರಾ ಬಂತು," ಅನ್ನುವುದಕ್ಕೂ ಡಿಸ್ಕಿನ ಸದ್ದು ಅಡಗುವುದಕ್ಕೂ ಸರಿಹೋಯಿತು. ಆಮೇಲೆ ಅದು ಏನು ಮಾಡಿದರೂ ಮಿಸುಕಲಿಲ್ಲ. ಮದಿಹಾ ಒಂದೊಂದೇ ಫೋಟೋ ತೆರೆಯುತ್ತ ಹೋದಳು. ಅಕ್ಷತೆ, ಊಟದ ಸಾಲು, ಬೀಗರು. "ಇದೇ, ಇದೇ," ಎಂದ ಅಣವೀರಪ್ಪ.

ಮದುಮಗಳಿದ್ದಳು, ಮದುಮಗನಿದ್ದ. ಮದುಮಗನ ಹೆಗಲ ಮೇಲೆ ನಾಲ್ಕು ಕಪ್ಪು ಬೆರಳಿದ್ದವು. ಅಲ್ಲಿಗೆ ಫೋಟೋ ಮುಗಿದಿತ್ತು.

ಅಣವೀರಪ್ಪನಿಗೆ ಆಗ ನೆನಪಾಯಿತು. ಮದುವೆಯಾದ ವಾರಕ್ಕೆ ಹೆಣ್ಣಿನ ತಂದೆ ಸ್ಟುಡಿಯೋದಲ್ಲಿ ಕೂತು ಆಲ್ಬಮ್ಮಿಗೆ ಫೋಟೋ ಆರಿಸುತ್ತ, "ಲೈಟ್ ಹಿಡಿಯಾಂವ ಇದ್ರಾಗ ಯಾಕ್ರಿ? ನಾಳೆ ಬೀಗರು ನೋಡ್ತಾರ. ತೆಗೀರಿ ಅವನ್ನ," ಎಂದಿದ್ದರು. "ಆತ್ರಿ," ಎಂದು ಇವನೇ ಕತ್ತರಿಸಿದ್ದ. ಬೆರಳು ತೆಗೆಯಹೋದರೆ ಮದುಮಗನ ಹೆಗಲು ಕೆಡುತ್ತದೆಂದು ಅಷ್ಟು ಬಿಟ್ಟು, ಅದೇ ಫೈಲಿನ ಮೇಲೆ ಉಳಿಸಿದ್ದ; ಮೂಲ ಫೋಟೋ ಅಲ್ಲಿಗೇ ಅಳಿದುಹೋಗಿತ್ತು. ದೇವಿಂದ್ರಪ್ಪ ಆಗ ಹಿಂದೆಯೇ ಕೂತು ವೈರು ಸುತ್ತುತ್ತಿದ್ದ. ಕಂಡಿರಬೇಕು. ಎರಡು ನಿಮಿಷದ ಆ ಕೆಲಸವನ್ನು ಅಣವೀರಪ್ಪ ಪೂರ್ತಿ ಮರೆತುಬಿಟ್ಟಿದ್ದ. ಕತ್ತರಿಸಿದ್ದಕ್ಕಿಂತ ಹಾಗೆ ಮರೆತದ್ದೇ ಈಗ ಅವನಿಗೆ ಹೆಚ್ಚು ನಾಚಿಕೆಯಾಯಿತು.

"ಅವರೆಲ್ಲಿ ಅದಾರ್ರಿ?" ಎಂದಳು ಬಂಡೆಮ್ಮ.

ಮದಿಹಾ ಪರದೆಯನ್ನು ನೋಡಿ, "ಫೈಲಿಗೇನೂ ಆಗಿಲ್ಲಲ್ರಿ ಅಣ್ಣಾ. ಇದನ್ನ ಯಾರೋ..." ಎಂದು ಶುರುಮಾಡಿದಳು.

"ಡಿಸ್ಕ್ ಕೆಟ್ಟದ ನೋಡವ್ವ," ಅಣವೀರಪ್ಪ ನಡುವೆಯೇ ಬಾಯಿ ಹಾಕಿದ. "ಆ ಕಡೀ ಭಾಗ ಅಷ್ಟು ಬಂದಿಲ್ಲ." ಸತ್ತ ಡಿಸ್ಕಿನ ಮೇಲೆ ತಪ್ಪು ಹೊರಿಸುವುದು ಎಷ್ಟು ಸುಲಭವಾಯಿತೆಂದು ಅವನಿಗೇ ಹೇಸಿಗೆಯಾಯಿತು. ಮದಿಹಾ ಅವನ ಮುಖವನ್ನೊಮ್ಮೆ ನೋಡಿ ಮೌಸಿನ ಮೇಲಿಂದ ಕೈ ತೆಗೆದಳು.

ಬಂಡೆಮ್ಮ ಎದ್ದು ಬಂದು ಪರದೆಯ ಹತ್ತಿರ ಬಗ್ಗಿದಳು. ಮದುಮಕ್ಕಳನ್ನು ಆಕೆ ನೋಡಲಿಲ್ಲ.

"ಇವು ಅವರವೇ," ಎಂದಳು. ಆಮೇಲೆ ಮದಿಹಾಳ ಕಡೆ ತಿರುಗಿ ಕೈಮುಗಿದಳು. "ಬೆರಳು ಬಂದಾವಂದ್ರ ಅವರೂ ಬರ್ತಾರವ್ವ. ಮೊದಲಿಂದ ಅವರದು ಎಲ್ಲಾದ್ರಾಗೂ ಸಾವಕಾಶ. ನೀ ಅವಸರ ಮಾಡಬ್ಯಾಡ, ನಾ ಇಲ್ಲೇ ಕುಂದರತೀನಿ."