ಕಾಲು ಗಂಟೆಯ ನೀರು

"ಸೋರಿಕೆ ಆಗಿದ್ರೆ ದಿನವೆಲ್ಲ ಸೋರಬೇಕು ಶಿವರುದ್ರಪ್ಪನವರೇ. ಇದು ನೋಡಿ, ಒಂಬತ್ತಕ್ಕೆ ಶುರುವಾಗಿ ಒಂಬತ್ತೂ ಕಾಲಿಗೆ ಸರಿಯಾಗಿ ನಿಂತುಹೋಗುತ್ತೆ. ಗಡಿಯಾರ ನೋಡ್ಕೊಂಡು ಸೋರೋ ಪೈಪನ್ನ ನೀವೆಲ್ಲಾದ್ರೂ ಕಂಡಿದ್ದೀರಾ?"

ಬೋಗಾದಿಯ ನೀರಿನ ಟ್ಯಾಂಕಿನ ಕೆಳಗೆ ನಿಂತು ಇಂಜಿನಿಯರ್ ರಕ್ಷಿತಾ ತನ್ನ ಟ್ಯಾಬನ್ನು ವಾಲ್ವ್‌ಮನ್ ಶಿವರುದ್ರಪ್ಪನ ಮುಖಕ್ಕೆ ಹಿಡಿದಳು. ಅವನು ಕನ್ನಡಕ ಏರಿಸಿಕೊಂಡು ನೋಡಿದ. ಹೋದ ತಿಂಗಳು ಟ್ಯಾಂಕಿನ ಪೈಪಿಗೆ ಹೊಸ ಮೀಟರ್ ಕೂರಿಸಿದ್ದರು. ಕೂರಿಸುವಾಗ ಅವರಿಗೆ ಟೀ ತಂದುಕೊಟ್ಟವನೇ ಇವನು. ಅದು ನಿಮಿಷ ನಿಮಿಷಕ್ಕೂ ಆಫೀಸಿಗೆ ಚಾಡಿ ಹೇಳುವ ಮೀಟರೆಂದು ಪಾಪ, ಅವನಿಗೇನು ಗೊತ್ತು?

ಕೆಳಗಿನ ಲೇಔಟಿಗೆ ದಿನ ಬಿಟ್ಟು ದಿನ ಏಳರಿಂದ ಒಂಬತ್ತರವರೆಗೆ ನೀರು. ಅಷ್ಟು ಹೊತ್ತೂ ಅಲ್ಲಿನ ಸಂಪುಗಳು ಎಳೆದುಕೊಳ್ಳುವ ರಭಸಕ್ಕೆ ದಿಣ್ಣೆಯ ಮೇಲಿನ ಹಳೇ ಊರಿನ ಬೀದಿಗೆ ಒಂದು ತೊಟ್ಟೂ ಹತ್ತುವುದಿಲ್ಲ. ಅದಕ್ಕೇ ಶಿವರುದ್ರಪ್ಪ ಒಂಬತ್ತಕ್ಕೆ ಲೇಔಟಿನ ವಾಲ್ವ್ ಮುಚ್ಚಿ, ರಿಜಿಸ್ಟರಿನಲ್ಲಿ ‘ನೀರು ಬಂದ್’ ಎಂದು ಬರೆದು, ಮೇಲಿನ ಬೀದಿಯ ಹಳೇ ವಾಲ್ವನ್ನು ಕಾಲು ಗಂಟೆ ತೆರೆಯುತ್ತಿದ್ದ. ಪಂಚಾಯಿತಿ ಕಾಲದ ಆ ವಾಲ್ವ್ ಆಫೀಸಿನ ಯಾವ ನಕ್ಷೆಯಲ್ಲೂ ಇರಲಿಲ್ಲ. ಕದ್ದು ಕೊಡುವುದಾದರೂ ಅಳತೆ ಮೀರಬಾರದೆಂದು, ಕೈಗಡಿಯಾರ ನೋಡಿಕೊಂಡು, ಅರ್ಧ ನಿಮಿಷವೂ ಆಚೀಚೆ ಆಗದಂತೆ ಹದಿನಾಲ್ಕು ವರ್ಷ ನಡೆಸಿಕೊಂಡು ಬಂದಿದ್ದ. ಆ ಶಿಸ್ತೇ ಈಗ ಅವನ ಕುತ್ತಿಗೆಗೆ ಬಂದಿತ್ತು.

"ಮೀಟರೇ ಕೆಟ್ಟಿರ್ಬೇಕು ಮೇಡಂ," ಎಂದ.

"ಎರಡು ಸಲ ಚೆಕ್ ಮಾಡ್ಸಿದ್ದೀನಿ. ಯಾರೋ ಕಳ್ಳ ಲೈನ್ ಎಳ್ಕೊಂಡಿದ್ದಾರೆ. ನಾಳೆ ಜೆಸಿಬಿ ತರಿಸಿ ಅಗೆಸ್ತೀನಿ. ಸಿಕ್ಕಿದ ಪೈಪನ್ನ ಕಟ್ ಮಾಡಿ ಸಿಮೆಂಟ್ ಹಾಕಿಸ್ಬಿಡ್ತೀನಿ. ಬನ್ನಿ, ಮೇಲುಗಡೆ ಒಂದು ಸುತ್ತು ನೋಡ್ಕೊಂಡು ಬರೋಣ."

ಹೇಳಿದರೆ ಅವನ ಕೆಲಸಕ್ಕೆ ಸಂಚಕಾರ, ಹೇಳದಿದ್ದರೆ ಮೂವತ್ತೊಂದು ಮನೆಯ ನೀರಿಗೆ. ಲೇಔಟಿನ ವಾಲ್ವ್ ಮುಚ್ಚಿ, ಅದನ್ನು ತಿರುಗಿಸುವ ಕಬ್ಬಿಣದ ಕೀಲಿಯನ್ನು ಹೆಗಲ ಮೇಲೆ ಹೊತ್ತು ಶಿವರುದ್ರಪ್ಪ ಅವಳ ಹಿಂದೆ ದಿಣ್ಣೆ ಹತ್ತಿದ. ಆಗಲೇ ಒಂಬತ್ತು ದಾಟಿತ್ತು. ಬೀದಿಯ ತಿರುವಿನಲ್ಲಿ ಕೊಡಗಳು ಸಾಲಾಗಿ ಕೂತಿದ್ದವು. ಚಪ್ಪಡಿ ಕಲ್ಲಿನ ಮೇಲೆ ಸೊಪ್ಪು ಹರವಿಕೊಂಡಿದ್ದ ದೇವಿರಮ್ಮ ಅವನನ್ನು ಕಂಡದ್ದೇ ತಡ, ದಂಟು, ಮೆಂತ್ಯ, ಸಬ್ಬಸಿಗೆಯನ್ನೆಲ್ಲ ಒಂದೇ ಬಾಚಿಗೆ ಬುಟ್ಟಿಗೆ ತುಂಬಿ, ಚಪ್ಪಡಿಯನ್ನು ಪಕ್ಕಕ್ಕೆ ಎಳೆದಳು. ಕೆಳಗೆ ವಾಲ್ವಿನ ತುಕ್ಕು ಹಿಡಿದ ತಲೆ ಇಣುಕಿತು.

"ಎಲ್ಲೋಗ್ಬುಟ್ಟಿದ್ರಿ ಶಿವ್ರುದ್ರಪ್ಪಾರೇ? ಒಂಬತ್ತೂ ಹತ್ತಾಯ್ತು! ನಮ್ ಕಾಲು ಗಂಟೇಲಿ ಹತ್ತು ನಿಮ್ಷ ಹೊಂಟೇ ಹೋಯ್ತಲ್ರೀ. ಬ್ಯಾಗ ತಿರುಗ್ಸಿ!"

ರಕ್ಷಿತಾ ವಾಲ್ವನ್ನು ನೋಡಿದಳು, ಕೊಡಗಳನ್ನು ನೋಡಿದಳು, ಕೊನೆಗೆ ಅವನನ್ನು ನೋಡಿದಳು. ಶಿವರುದ್ರಪ್ಪ ಕೀಲಿಯನ್ನು ಕೆಳಗಿಳಿಸಿದ. ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ.

"ಯಾರೂ ಲೈನ್ ಎಳ್ಕೊಂಡಿಲ್ಲ ಮೇಡಂ. ಕಳ್ಳ ನಾನೇ. ನನ್ನ ಮೇಲೆ ಏನ್ ಬೇಕಾದ್ರೂ ಬರ್ಕೊಳಿ, ಈ ಪೈಪಿಗೆ ಮಾತ್ರ ಸಿಮೆಂಟ್ ಹಾಕಿಸ್ಬೇಡಿ."

"ಅವ್ರೆಂಗವ್ವ ಕಳ್ರಾಯ್ತಾರೆ?" ದೇವಿರಮ್ಮ ಅಡ್ಡ ಬಂದು ನಿಂತಳು. "ಇಂಗ್ ಮಾಡ್ದೇ ಇದ್ದಿದ್ರೆ ನಾವು ಎಂದೋ ಊರು ಬುಡ್ಬೇಕಾಗಿತ್ತು!"

"ಮೊದಲು ನೀರು ಬಿಡಿ," ಎಂದಳು ರಕ್ಷಿತಾ.

ಅವನು ಕೀಲಿ ಇಳಿಸಿ ತಿರುಗಿಸಿದ. ಅಭ್ಯಾಸದಂತೆ ಕೀಲಿಯ ತಲೆಗೆ ಕಿವಿ ಕೊಟ್ಟ. ನೀರು ಏರುವ ಸದ್ದು ಕೇಳಿಸಿತು. ಈ ಗಾಬರಿಯಲ್ಲೂ ಆ ಸದ್ದಿಗೆ ಅವನ ಮನಸ್ಸು ತಂಪಾಯಿತು. ನಲ್ಲಿಗಳು ಬುಸುಗುಟ್ಟಿ, ಕೆಮ್ಮಿ, ಹರಿಯತೊಡಗಿದವು. ಅಷ್ಟರಲ್ಲಿ ರಕ್ಷಿತಾ ಚಪ್ಪಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ವಾಲ್ವಿನ ಫೋಟೋ ತೆಗೆದಳು. ಎಷ್ಟು ಮನೆ, ಪೈಪು ಎಷ್ಟು ಅಗಲ, ಕೊನೆಯ ನಲ್ಲಿ ಎಲ್ಲಿ ಎಂದು ಕೇಳಿ ಕೇಳಿ ಟ್ಯಾಬಿನಲ್ಲಿ ಒತ್ತುತ್ತಾ ಹೋದಳು. ತನ್ನ ಸಸ್ಪೆಂಡ್ ಆರ್ಡರೇ ತಯಾರಾಗುತ್ತಿದೆ ಎಂದುಕೊಂಡು ಶಿವರುದ್ರಪ್ಪ ಒಂದನ್ನೂ ಬಚ್ಚಿಡದೆ ಹೇಳಿದ.

"ನಮ್ಮ ಮ್ಯಾಪಲ್ಲಿ ಈ ಬೀದಿಗೂ ಲೇಔಟಿಗೂ ಒಟ್ಟಿಗೇ ನೀರು ಬರುತ್ತೆ ಅಂತಿತ್ತು," ಎಂದು ರಕ್ಷಿತಾ ಎದ್ದಳು. "ಈಗ ವಾಲ್ವು, ದಿಣ್ಣೆ ಎತ್ತರ, ಮನೆಗಳು, ಎಲ್ಲ ಸೇರಿಸಿದ್ದೀನಿ. ಇನ್ಮೇಲೆ ಈ ಬೀದಿಗೆ ಬೇರೆ ಟೈಮು, ಎಷ್ಟು ಹೊತ್ತು ಅಂತ ಕಂಪ್ಯೂಟರೇ ಲೆಕ್ಕ ಹಾಕಿ ಹೇಳುತ್ತೆ. ನೀರು ಬರೋ ಮುಂಚೆ ಮನೆಮನೆ ಫೋನಿಗೆ ಮೆಸೇಜು. ರಿಜಿಸ್ಟರಲ್ಲಿ ಸುಳ್ಳು ಬರೆಯೋದು ಮಾತ್ರ ಇವತ್ತಿಗೇ ಸಾಕು. ಗೊತ್ತಾಯ್ತಾ? ವಾಲ್ವ್ ತೋರಿಸಿಕೊಟ್ಟವರು ಅನ್ನೋ ಕಡೆ ನಿಮ್ಮ ಹೆಸರು ಹಾಕಿದ್ದೀನಿ."

ಶಿವರುದ್ರಪ್ಪನಿಗೆ ಹೋದ ಜೀವ ಬಂದಂತಾಯಿತು. ಆದರೂ ಒಂದು ಅಳುಕು ಉಳಿದಿತ್ತು.

"ಕಂಪ್ಯೂಟರು ಕಾಲು ಗಂಟೆಗೆ ಕಮ್ಮಿ ಮಾಡಲ್ಲ ತಾನೇ ಮೇಡಂ?"

"ಕಮ್ಮಿ ಎಲ್ಲಿ ಬಂತು? ಲೇಔಟಿನವರಿಗೆ ಸಿಗೋವಷ್ಟೇ ಇವರಿಗೂ ಸಿಗ್ಬೇಕು ಅಂದ್ರೆ ಇಪ್ಪತ್ತಾರು ನಿಮಿಷ ಬಿಡ್ಬೇಕಂತೆ."

ಹೆಂಗಸರು ಹೋ ಎಂದರು. ದೇವಿರಮ್ಮ ರಕ್ಷಿತಾಳಿಗೆ ನಿವಾಳಿಸಿ ಬೆರಳು ಲಟಿಕೆ ಮುರಿದಳು. ಎಲ್ಲರಿಗಿಂತ ಜೋರಾಗಿ ನಕ್ಕವನು ಶಿವರುದ್ರಪ್ಪ. ನಗುತ್ತಿದ್ದವನು ನಡುವೆಯೇ ನಿಲ್ಲಿಸಿ, ಬೆರಳು ಮಡಿಸಿ ಏನೋ ಎಣಿಸಿ, ದೇವಿರಮ್ಮನ ಕಡೆ ತಿರುಗಿದ.

"ಧರ್ಮ ಮಾಡ್ತಿದ್ದೀನಿ ಅಂದ್ಕೊಂಡಿದ್ದೆ ಕಣಮ್ಮ. ಹದಿನಾಲ್ಕು ವರ್ಷ ನಿಮ್ಮ ಹನ್ನೊಂದು ನಿಮಿಷ ನಾನೇ ತಡೆದು ನಿಲ್ಲಿಸ್ಬುಟ್ಟಿದ್ದೀನಲ್ಲ!"